ಎದೆ ಕ್ಯಾನ್ಸರ್ ವಾಸಿಯಾಗಿದೆ, ಹಳೇ ಫೈಲ್ ಎಲ್ಲಿಟ್ಟಿದ್ದೀರಿ?

ನಮ್ಮ ಮಂಡ್ಯದ ಕಡೆ ಕ್ಯಾನ್ಸರನ್ನೂ ಅಮ್ಮ ಆದ ಹಾಗೆ ಲೆಕ್ಕ ಹಾಕುವವರಿದ್ದಾರೆ. ಒಂದು ಸಲ ಬಂದು ಹೋದರೆ ಮುಗಿಯಿತು, ಇನ್ನು ಜನ್ಮದಲ್ಲಿ ಬರಲ್ಲ ಅಂತ. ಮದ್ದೂರಿನ ಹತ್ತಿರ ಇರುವ ನನ್ನ ಚಿಕ್ಕಮ್ಮನಿಗೂ ನನಗೂ ಎದೆ (ಸ್ತನ) ಕ್ಯಾನ್ಸರ್ ಆಗಿತ್ತು. ಅವರು ಹಾಗೇ ನಂಬಿದ್ದರು. ನಾನು ಅದಕ್ಕೆ ಉಲ್ಟಾ. ಮೈಸೂರಿನಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೊದಲ ಎರಡು ವರ್ಷ, ತಲೆ ನೋವು ಬಂದರೆ ಮೆದುಳಿಗೆ ಬಂತು, ಸೊಂಟ ಹಿಡಿದರೆ ಮೂಳೆಗೆ ಬಂತು ಅಂತ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೆ. ಈಗ ಒಂಬತ್ತು ವರ್ಷ ಆಯಿತು. ತಿರುಗಿ ನೋಡಿದರೆ ಇಬ್ಬರದೂ ಒಂದೇ ತಪ್ಪು. ನಮ್ಮ ಮೈಗೆ ಏನೇನು ಚಿಕಿತ್ಸೆ ಕೊಟ್ಟಿದ್ದಾರೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದರೆ, ಮುಂದೆ ಎರಡನೇ ಕ್ಯಾನ್ಸರ್ ಬರುತ್ತದಾ ಅಂತ ಎಲ್ಲಿ ಕಣ್ಣಿಡಬೇಕು, ಎಲ್ಲಿ ಸುಮ್ನೆ ಇರಬಹುದು ಅನ್ನುವುದು ಅರ್ಧ ಬಗೆಹರಿಯುತ್ತದೆ.

ನಾನು ಡಾಕ್ಟರಲ್ಲ. ಓದಿ, ಕೇಳಿ, ಒಂದೆರಡು ಸಲ ಬೈಸಿಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಮೈಯ ವಿಷಯ ನಿಮ್ಮ ಡಾಕ್ಟರ ಹತ್ತಿರವೇ ತೀರ್ಮಾನ ಆಗಬೇಕು.

ಹಳೇದು ತಿರುಗಿ ಬಂದದ್ದಾ, ಹೊಸದಾ?

ಎದೆಯ ಕ್ಯಾನ್ಸರಿನ ಕಣ ಎಲ್ಲೋ ಅಡಗಿದ್ದು, ವರ್ಷಗಳ ಮೇಲೆ ಮೂಳೆಯಲ್ಲೋ ಲಿವರಿನಲ್ಲೋ ಶ್ವಾಸಕೋಶದಲ್ಲೋ ಎದ್ದರೆ ಅದು ಹಳೇದೇ. ಶ್ವಾಸಕೋಶದಲ್ಲಿ ಇದ್ದರೂ ಅದು ಎದೆ ಕ್ಯಾನ್ಸರೇ, ಔಷಧಿಯೂ ಎದೆ ಕ್ಯಾನ್ಸರಿನದ್ದೇ. ಆದರೆ ಶ್ವಾಸಕೋಶದ್ದೇ ಕಣ ಕೆಟ್ಟು ಅಲ್ಲೇ ಹುಟ್ಟಿದರೆ, ಅಥವಾ ಗರ್ಭಕೋಶದಲ್ಲಿ, ಬಾಯಲ್ಲಿ, ಇನ್ನೊಂದು ಎದೆಯಲ್ಲಿ ತಾನಾಗಿ ಹೊಸದು ಹುಟ್ಟಿದರೆ, ಅದು ಎರಡನೇ ಕ್ಯಾನ್ಸರ್. ಹೊಸದನ್ನು ಬೇಗ ಹಿಡಿದರೆ ಪೂರ್ತಿ ವಾಸಿ ಮಾಡುವ ಅವಕಾಶ ಎಷ್ಟೋ ಸಲ ಇರುತ್ತದೆ.

ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಕಂಡ ತಕ್ಷಣ ಮನೆಯವರೆಲ್ಲ ಸೇರಿ ‘ಹಬ್ಬಿಬಿಟ್ಟಿದೆ’ ಅಂತ ಅಳುವುದಕ್ಕೆ ಕೂತುಬಿಡುತ್ತಾರೆ. ಆ ಚುಕ್ಕೆ ಹಳೇದೋ ಹೊಸದೋ ಅಥವಾ ಏನೂ ಅಲ್ಲವೋ ಅಂತ ಚಿತ್ರ ನೋಡಿ ಹೇಳುವುದು ಕಷ್ಟ. ಚೂರು ತೆಗೆದು ಬಯಾಪ್ಸಿ ಮಾಡಬಹುದಾ ಅಂತ ಕೇಳಿ. ಅದೊಂದು ಪ್ರಶ್ನೆಯ ಮೇಲೆ ಮುಂದಿನ ದಾರಿಯೇ ಬದಲಾಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದೆ ಕ್ಯಾನ್ಸರ್ ಆದ ಹೆಚ್ಚಿನ ಹೆಂಗಸರಿಗೆ ಎರಡನೇದು ಬರುವುದೇ ಇಲ್ಲ. ಬೇರೆಯವರಿಗಿಂತ ಅಪಾಯ ಸ್ವಲ್ಪ ಜಾಸ್ತಿ, ಅಷ್ಟೇ. ಆ ‘ಸ್ವಲ್ಪ’ ಯಾರಿಗೆ ಎಷ್ಟು ಅನ್ನುವುದು ಫೈಲಿನಲ್ಲಿದೆ.

ಅಟ್ಟದ ಮೇಲಿನ ಫೈಲ್ ಇಳಿಸಿ

ಚಿಕಿತ್ಸೆ ಮುಗಿದ ದಿನ ಆ ಫೈಲ್ ಕಣ್ಣಿಗೆ ಬೀಳಬಾರದು ಅಂತ ಅಟ್ಟಕ್ಕೆ ಎಸೆದವರಲ್ಲಿ ನಾನೂ ಒಬ್ಬಳು. ಚಿಕ್ಕಮ್ಮನ ಫೈಲಂತೂ ಅಕ್ಕಿ ಡ್ರಮ್ಮಿನ ಹಿಂದೆ ಸಿಕ್ಕಿತು, ಅರ್ಧ ಇಲಿ ಕಡಿದಿತ್ತು. ಹೊಸ ಪ್ರತಿ ಕೊಡಿ ಅಂತ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಹೋದರೆ, ಅಷ್ಟು ಹಳೇ ರೆಕಾರ್ಡ್ ಈಗ ಸಿಗಲ್ಲಮ್ಮ ಅಂದರು. ಮೂರು ಸಲ ಅಲೆದ ಮೇಲೆ ಡಿಸ್ಚಾರ್ಜ್ ಸಮ್ಮರಿ ಒಂದು ಸಿಕ್ಕಿತು. ಆ ಅಲೆದಾಟ ನಿಮಗೆ ಬೇಡ ಅಂದರೆ ಈಗಲೇ ಹುಡುಕಿ.

ಬೇಕಾದ ಕಾಗದ ಇಷ್ಟು. ಮೊದಲ ಬಯಾಪ್ಸಿ ರಿಪೋರ್ಟ್ ಮತ್ತು ಆಪರೇಷನ್ ಆದ ಮೇಲೆ ಬಂದ ರಿಪೋರ್ಟ್, ಇವುಗಳಲ್ಲಿ ಈಆರ್, ಪಿಆರ್, ಹರ್2 ಅಂತ ಮೂರು ಸಾಲು ಇರುತ್ತದೆ, ಗಡ್ಡೆ ಹೆಣ್ಣು ಹಾರ್ಮೋನಿನಿಂದ ಬೆಳೆಯುವಂಥದ್ದಾ, ಅದಕ್ಕೆ ಯಾವ ಔಷಧಿ ಹೊಂದುತ್ತದೆ ಅಂತ ಹೇಳುವುದು ಅದೇ, ಅದು ಮುಖ್ಯ. ಕಿಮೋದಲ್ಲಿ ಯಾವ ಔಷಧಿ, ಎಷ್ಟು ಸಲ. ಕರೆಂಟ್ (ರೇಡಿಯೇಷನ್) ಕೊಟ್ಟಿದ್ದರೆ ಯಾವ ಕಡೆ, ಎಷ್ಟು ದಿನ, ಎಷ್ಟು ಗ್ರೇ (ಅದನ್ನು ಅಳೆಯುವ ಲೆಕ್ಕ) ಅಂತ ಬರೆದ ಹಾಳೆ. ಮಾತ್ರೆಯ ಹೆಸರು, ಶುರು ಮಾಡಿದ ತಿಂಗಳು. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ. ಕಾಗದ ಮಾಸುತ್ತದೆ, ಇಲಿ ಇದ್ದೇ ಇದೆ.

ಕರೆಂಟ್ ಕೊಟ್ಟಿದ್ದರೆ

ರೇಡಿಯೇಷನ್ನಿಗೆ ನಮ್ಮ ಜನ ಕರೆಂಟ್ ಕೊಡೋದು ಅಂತಲೇ ಹೇಳುವುದು. ಅದು ಉಳಿದ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ. ದಾರಿಯಲ್ಲಿ ಸಿಕ್ಕ ಒಳ್ಳೆಯ ಕಣಗಳಿಗೂ ಸ್ವಲ್ಪ ಏಟು ಬೀಳುತ್ತದೆ. ಆ ಏಟಿನಿಂದ ಗಡ್ಡೆ ಹುಟ್ಟುವುದಾದರೆ ಸಾಮಾನ್ಯವಾಗಿ ಐದು, ಹತ್ತು ವರ್ಷ ಅಥವಾ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಅಂದರೆ ಡಾಕ್ಟರು ‘ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು’ ಅನ್ನುವ ಹೊತ್ತಿಗೆ ನಾವು ಕಣ್ಣು ತೆರೆಯಬೇಕು. ಈಗಿನ ಯಂತ್ರಗಳಲ್ಲಿ ಸುತ್ತಲಿನ ಜಾಗಕ್ಕೆ ಬೀಳುವ ಪ್ರಮಾಣ ಮೊದಲಿಗಿಂತ ಕಮ್ಮಿ, ಹಾಗಾಗಿ 25 ವರ್ಷದ ಹಿಂದೆ ಮಾಡಿಸಿಕೊಂಡವರ ಕಥೆ ಕೇಳಿ ಈಗಿನವರು ಹೆದರಬೇಕಾಗಿಲ್ಲ.

ಆ ದಾರಿಯಲ್ಲಿ ಸಿಗುವ ಜಾಗ ಯಾವುದು ಅಂತ ನೋಡಿದರೆ ಉತ್ತರ ಸುಲಭ. ಚರ್ಮ, ಶ್ವಾಸಕೋಶ, ಅನ್ನನಾಳ, ಪಕ್ಕದ ಎದೆ. ಪಕ್ಕದ ಎದೆಗೆ ಇದರ ಅಪಾಯ ಮುಖ್ಯವಾಗಿ 45 ದಾಟುವ ಮೊದಲೇ ಕರೆಂಟ್ ತೆಗೆದುಕೊಂಡವರಿಗೆ. ಶ್ವಾಸಕೋಶದ ಅಪಾಯ ಜಾಸ್ತಿ ಆಗುವುದು ಬೀಡಿ ಸಿಗರೇಟು ಸೇದುವವರಿಗೆ. ಕರೆಂಟೂ ಹೊಗೆಯೂ ಸೇರಿದರೆ ಒಂದಕ್ಕೊಂದು ಕೂಡುತ್ತದೆ. ನಾನು ಸೇದಲ್ಲ ಅಂತ ನೀವು ಹೇಳಬಹುದು. ಸರಿ, ಪಡಸಾಲೆಯಲ್ಲಿ ಕೂತು ಸೇದುವ ಯಜಮಾನರನ್ನು ಅಂಗಳಕ್ಕೆ ಕಳಿಸಿ. ಇನ್ನೂ ಸೌದೆ ಒಲೆ ಇದ್ದರೆ ಕಿಟಕಿಯಾದರೂ ತೆಗೆದಿಡಿ.

ಅನ್ನನಾಳಕ್ಕೆ ನಮ್ಮ ಕಡೆ ಒಂದು ಒಳ್ಳೆ ಪರೀಕ್ಷೆ ಇದೆ, ರಾಗಿ ಮುದ್ದೆ. ಅಗಿಯದೆ ನುಂಗುವವರು ನಾವು. ಮುದ್ದೆ ಎದೆಯ ಹತ್ತಿರ ನಿಂತ ಹಾಗಾಗುತ್ತದೆ, ನೀರು ಕುಡಿದು ಇಳಿಸಬೇಕು ಅನ್ನುವಂಥದ್ದು ಎರಡು ಮೂರು ವಾರ ಇದ್ದರೆ ‘ವಯಸ್ಸಾಯ್ತು, ಇನ್ಮೇಲೆ ಗಂಜಿ’ ಅಂತ ಸುಮ್ಮನಾಗಬೇಡಿ, ಡಾಕ್ಟರ ಹತ್ತಿರ ಹೇಳಿ. ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಇವಕ್ಕೂ ಅದೇ ಮಾತು.

ಚರ್ಮದ್ದು ತುಂಬಾ ಅಪರೂಪ, ಆದರೆ ಬಂದರೆ ಮೋಸ ಮಾಡುವಂಥದ್ದು. ಕರೆಂಟ್ ಕೊಟ್ಟ ಜಾಗದಲ್ಲಿ ಪೆಟ್ಟು ಬಿದ್ದ ಹಾಗೆ ನೀಲಿ, ನೇರಳೆ ಅಥವಾ ಕೆಂಪು ಕಲೆ ಕಾಣಿಸುತ್ತದೆ, ನೋವು ಇರದಿರಬಹುದು. ಎಲ್ಲೋ ಬಾಗಿಲು ತಗುಲಿರಬೇಕು ಅಂದುಕೊಳ್ಳುತ್ತೇವೆ. ಪೆಟ್ಟಿನ ಕಲೆ ಎರಡು ವಾರದಲ್ಲಿ ಮಾಸುತ್ತದೆ. ಇದು ಮಾಸುವುದಿಲ್ಲ, ಅಗಲ ಆಗುತ್ತದೆ. ವರ್ಷಗಟ್ಟಲೆ ಕೈ ಊದಿಕೊಂಡೇ ಇರುವವರು ಆ ಕೈಯ ಚರ್ಮವನ್ನೂ ಹೀಗೇ ನೋಡಿಕೊಳ್ಳಬೇಕು.

ಕೆಂಪು ಇಂಜೆಕ್ಷನ್

ಕಿಮೋ ಚೀಟಿಯಲ್ಲಿ ಎಸಿ ಅಂತ ಇದ್ದರೆ ಅದು ಅಡ್ರಿಯಾಮೈಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಅಡ್ರಿಯಾಮೈಸಿನ್ನೇ ಆ ಕೆಂಪು ಡ್ರಿಪ್, ಡಾಕ್ಸೊರುಬಿಸಿನ್ ಅಂತಲೂ ಬರೆಯುತ್ತಾರೆ. ಇವೆರಡರಿಂದ ರಕ್ತದ ಕ್ಯಾನ್ಸರ್ ಬರುವ ಸಣ್ಣ ಅಪಾಯ ಇದೆ. ನೂರರಲ್ಲಿ ಒಬ್ಬರಿಗಿಂತ ಕಮ್ಮಿ. ಕೆಂಪು ಔಷಧಿಯಿಂದ ಆದರೆ ಹೆಚ್ಚಾಗಿ ಒಂದರಿಂದ ಮೂರು ವರ್ಷದೊಳಗೆ, ಇನ್ನೊಂದರಿಂದ ಐದರಿಂದ ಹತ್ತು ವರ್ಷದಲ್ಲಿ. ಕಾರಣವಿಲ್ಲದೆ ಮೈಮೇಲೆ ಹಸಿರುಗಟ್ಟಿದ ಕಲೆ, ಒಸಡಿನಲ್ಲಿ ರಕ್ತ, ಪದೇ ಪದೇ ಜ್ವರ, ಮೆಟ್ಟಿಲು ಹತ್ತಲಾಗದ ಸುಸ್ತು ಇದ್ದರೆ ಒಂದು ಸಿಬಿಸಿ ರಕ್ತ ಪರೀಕ್ಷೆ ಮಾಡಿಸಿ. ಸಣ್ಣ ಲ್ಯಾಬಿನಲ್ಲೂ ಆಗುತ್ತದೆ, ದುಡ್ಡೂ ಜಾಸ್ತಿ ಅಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಐದು ವರ್ಷದ ಮಾತ್ರೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಮನೆಯ ಕಥೆ ಇಲ್ಲಿದೆ.

ಈಆರ್ ಅಥವಾ ಪಿಆರ್ ಪಾಸಿಟಿವ್ ಇದ್ದವರಿಗೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ, ಮಾತ್ರೆ ಕೊಡುತ್ತಾರೆ. ಟ್ಯಾಮಾಕ್ಸಿಫೆನ್ ಅದರಲ್ಲಿ ಹಳೆಯದು. ಅದು ಎದೆಯಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಕೆಲಸ ಮಾಡದ ಹಾಗೆ ತಡೆಯುತ್ತದೆ. ವಿಚಿತ್ರ ಏನೆಂದರೆ ಗರ್ಭಕೋಶದ ಒಳಪದರದ ಮೇಲೆ ಅದೇ ಮಾತ್ರೆ ಈಸ್ಟ್ರೋಜನ್ ಥರ ನಡೆದುಕೊಳ್ಳುತ್ತದೆ. ಪದರ ದಪ್ಪಗಾಗಬಹುದು, ಪಾಲಿಪ್ (ಸಣ್ಣ ಮಾಂಸದ ಗಂಟು) ಬೆಳೆಯಬಹುದು, ಮುಟ್ಟು ನಿಂತವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಅಪಾಯ ಎರಡು ಮೂರು ಪಟ್ಟು ಆಗಬಹುದು. ಎರಡು ಮೂರು ಪಟ್ಟು ಅಂದರೆ ಗಾಬರಿ ಆಗುತ್ತದೆ ಅಲ್ವಾ? ಲೆಕ್ಕ ನೋಡಿ, ಮಾತ್ರೆ ತೆಗೆದುಕೊಳ್ಳುವ ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ. ಆ ಕಡೆ ಅದೇ ಮಾತ್ರೆ ಇನ್ನೊಂದು ಎದೆಗೆ ಕ್ಯಾನ್ಸರ್ ಬರುವುದನ್ನು ಅರ್ಧದ ಹತ್ತಿರ ಇಳಿಸುತ್ತದೆ, ಹಳೇದು ತಿರುಗಿ ಬರುವುದನ್ನೂ ತಡೆಯುತ್ತದೆ. ಹಾಗಾಗಿ ಹೆದರಿ ಮಾತ್ರೆ ಬಿಡುವುದು ನಷ್ಟದ ವ್ಯಾಪಾರ. ಮೈ ಬಿಸಿ, ಹೀಟು ಅಂತ ಎರಡು ವರ್ಷಕ್ಕೇ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ದಾರಿ ಇರುತ್ತದೆ.

ಚಿಕ್ಕಮ್ಮನಿಗೆ 58ರಲ್ಲಿ ಎದೆ ಕ್ಯಾನ್ಸರ್ ಆಗಿದ್ದು. ಮುಟ್ಟು ನಿಂತು ಎಂಟು ವರ್ಷ ಆಗಿತ್ತು. ಮಾತ್ರೆಯ ಮೂರನೇ ವರ್ಷ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಂಡಿತು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಹಬ್ಬಕ್ಕೆ ಹೋದಾಗ ದೇವರ ಮನೆಗೆ ಯಾಕೆ ಬರುತ್ತಿಲ್ಲ ಅಂತ ನಾನು ಕೇಳಿದ್ದಕ್ಕೆ ಬಾಯಿ ಬಿಟ್ಟರು. ‘ಈ ವಯಸ್ನಲ್ಲಿ ಮತ್ತೆ ಹೊರಗಾದೆ ಅಂತ ಯಾರ್ ತಾವ ಹೇಳಾದು ಕಣವ್ವ, ಸೊಸೆ ನಗಾಕಿಲ್ವಾ’ ಅಂದರು. ಮಾರನೇ ದಿನವೇ ಕರೆದುಕೊಂಡು ಮೈಸೂರಿಗೆ ಹೋದೆ. ಸ್ಕ್ಯಾನ್ ಆಯಿತು, ಒಳಪದರದ ಚೂರು ತೆಗೆದು ಕಳಿಸಿದರು. ಪಾಲಿಪ್ ಅಂತ ಬಂತು, ತೆಗೆದು ಹಾಕಿದರು. ರಿಪೋರ್ಟ್ ಬರುವವರೆಗೆ ಆ ಹತ್ತು ದಿನ ನಾವಿಬ್ಬರೂ ಒಂದು ತುತ್ತು ನೆಟ್ಟಗೆ ತಿಂದಿಲ್ಲ.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಕಂದು ಬಣ್ಣದ ಸೆರಗು ಹೋದರೂ, ಆ ವಾರವೇ ತೋರಿಸಿ. ಹೆಚ್ಚಿನ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೂ ಗರ್ಭಕೋಶದ ಕ್ಯಾನ್ಸರ್ ಹೀಗೆ ರಕ್ತ ತೋರಿಸಿ ಬೇಗ ಸಿಕ್ಕಿಬೀಳುವಂಥದ್ದು. ಯಾವ ತೊಂದರೆಯೂ ಇಲ್ಲದವರು ವರ್ಷಾ ವರ್ಷ ಸುಮ್ನೆ ಗರ್ಭಕೋಶದ ಸ್ಕ್ಯಾನ್ ಮಾಡಿಸುತ್ತಾ ಹೋಗುವುದು ಬೇಡ, ಮಾತ್ರೆಯಿಂದ ಪದರ ಹೇಗೂ ದಪ್ಪ ಕಾಣುತ್ತದೆ, ಇಲ್ಲದ ಭಯ ಶುರುವಾಗುತ್ತದೆ. ಇನ್ನೂ ಮುಟ್ಟಾಗುವ ವಯಸ್ಸಿನವರಿಗೆ ಈ ಅಪಾಯ ಅಷ್ಟಾಗಿ ಕಂಡುಬಂದಿಲ್ಲ.

ಟ್ಯಾಮಾಕ್ಸಿಫೆನ್ ಬದಲು ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಅನ್ನುವ ಮಾತ್ರೆ ತೆಗೆದುಕೊಳ್ಳುವವರಿಗೆ ಗರ್ಭಕೋಶದ ಈ ಚಿಂತೆ ಇಲ್ಲ. ಅವರ ಮೂಳೆ ಸವೆಯುತ್ತದೆ, ಅದು ಬೇರೆ ಕಥೆ.

ಮನೆತನದ ಪಟ್ಟಿ ಬರೆಯಿರಿ

ಚಿಕಿತ್ಸೆಯಿಂದ ಬರುವ ಅಪಾಯಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಮನೆತನದ ರಕ್ತದಲ್ಲಿ ಬಂದ ಅಪಾಯ. ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಎರಡು ಜೀನ್ ಇವೆ, ಮೊದಲನೆಯದನ್ನು 1994ರಲ್ಲಿ, ಎರಡನೆಯದನ್ನು 1995ರಲ್ಲಿ ಗುರುತಿಸಿದರು. ಇವುಗಳಲ್ಲಿ ಹುಟ್ಟಿನಿಂದಲೇ ದೋಷ ಇದ್ದರೆ, ಒಂದು ಎದೆಗೆ ಕ್ಯಾನ್ಸರ್ ಆದವರಿಗೆ 20 ವರ್ಷದೊಳಗೆ ಇನ್ನೊಂದು ಎದೆಗೂ ಬರುವ ಸಾಧ್ಯತೆ ಬಿಆರ್‌ಸಿಎ1ರಲ್ಲಿ ನೂರಕ್ಕೆ ಸುಮಾರು 40, ಬಿಆರ್‌ಸಿಎ2ರಲ್ಲಿ ಸುಮಾರು 26. ಅಂಡಾಶಯದ ಕ್ಯಾನ್ಸರ್ 80 ವರ್ಷದೊಳಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 44 ಮತ್ತು 17. ಟಿಪಿ53 ಅನ್ನುವ ಇನ್ನೊಂದು ಜೀನ್ ಕೆಟ್ಟಿರುವ ಮನೆತನಗಳಲ್ಲಿ ಚಿಕ್ಕ ವಯಸ್ಸಿಗೇ ಬೇರೆ ಬೇರೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ, ಅವರಿಗೆ ಕರೆಂಟ್ ಕೊಡುವುದನ್ನು ಆದಷ್ಟು ತಪ್ಪಿಸುತ್ತಾರೆ.

ಒಂದು ಹಾಳೆ ತೆಗೆದುಕೊಂಡು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ, ಮಾವಂದಿರು, ಅಣ್ಣತಮ್ಮಂದಿರು, ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿಗೆ ಅಂತ ಬರೆಯಿರಿ. ತಂದೆಯ ಕಡೆಯವರನ್ನು ಬಿಡಬೇಡಿ. ‘ಹೆಂಗಸರ ಕಾಯಿಲೆ ತಾಯಿ ಕಡೆಯಿಂದ’ ಅನ್ನುವುದು ತಪ್ಪು, ಅಪ್ಪನಿಂದಲೂ ಈ ಜೀನ್ ಅಷ್ಟೇ ಸಲೀಸಾಗಿ ಬರುತ್ತದೆ, ಮಕ್ಕಳಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಲ್ಲಿ ಸೋದರಮಾವನ ಜೊತೆ ಮದುವೆ ಮಾಮೂಲು, ಅಂಥ ಮನೆಯಲ್ಲಿ ತಾಯಿ ಕಡೆ ತಂದೆ ಕಡೆ ಎರಡೂ ಒಂದೇ ಬಳ್ಳಿ, ಅದನ್ನೂ ಡಾಕ್ಟರಿಗೆ ಹೇಳಿ. ‘ಹೊಟ್ಟೆಯಲ್ಲಿ ಗಡ್ಡೆ ಆಗಿ ಹೋದರು’ ಅಂತ ಅಜ್ಜಿಯ ಬಗ್ಗೆ ಯಾರಾದರೂ ಅಂದರೆ ಹೊಟ್ಟೆ ಅಂದರೆ ಎಲ್ಲಿ ಅಂತ ಕೆದಕಿ ಕೇಳಿ. ಅದು ಅಂಡಾಶಯದ್ದೂ ಆಗಿರಬಹುದು.

50ರೊಳಗೆ ಕಾಯಿಲೆ ಬಂದಿದ್ದರೆ, ಈಆರ್, ಪಿಆರ್, ಹರ್2 ಮೂರೂ ನೆಗೆಟಿವ್ ಇರುವ ಬಗೆ ಆಗಿದ್ದರೆ, ಎರಡೂ ಎದೆಗೆ ಬಂದಿದ್ದರೆ, ಮನೆಯಲ್ಲಿ ಅಂಡಾಶಯದ ಕ್ಯಾನ್ಸರ್ ಅಥವಾ ಗಂಡಸರಿಗೆ ಎದೆ ಕ್ಯಾನ್ಸರ್ ಆಗಿದ್ದರೆ ಜೀನ್ ಪರೀಕ್ಷೆ ಬೇಕಾ ಅಂತ ಕೇಳಲೇಬೇಕು. ರಕ್ತ ಅಥವಾ ಎಂಜಲು ಕೊಟ್ಟರೆ ಆಯಿತು. ನನಗೆ 43ಕ್ಕೆ ಬಂದಿತ್ತು, ಚಿಕ್ಕಮ್ಮನಿಗೂ ಆಗಿತ್ತು, ಅದಕ್ಕೇ ಮಾಡಿಸಿದರು. ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಎಂಆರ್‌ಐ ಸೇರಿಸಿ ವರ್ಷಾ ವರ್ಷ ನೋಡುವುದು, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು, ಇಂಥ ಮಾತು ಬರುತ್ತಿತ್ತು. ಅಂಡಾಶಯಕ್ಕೆ ನಂಬಬಹುದಾದ ತಪಾಸಣೆ ಇಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಹೊಟ್ಟೆ ಉಬ್ಬರ ವಾರಗಟ್ಟಲೆ ಇಳಿಯದೇ ಇರುವುದು, ಇವನ್ನು ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದು ತಳ್ಳಬೇಡಿ.

ಇನ್ನೊಂದು ಎದೆ

ಎರಡನೇ ಕ್ಯಾನ್ಸರುಗಳಲ್ಲಿ ಹೆಚ್ಚು ಕಾಣುವುದು ಇದೇ. ಜೀನ್ ದೋಷ ಇಲ್ಲದವರಲ್ಲಿ ಇನ್ನೂರು ಹೆಂಗಸರಿಗೆ ವರ್ಷಕ್ಕೆ ಸುಮಾರು ಒಬ್ಬರ ಲೆಕ್ಕ, ಮಾತ್ರೆ ತೆಗೆದುಕೊಂಡವರಲ್ಲಿ ಇನ್ನೂ ಕಮ್ಮಿ. ಚಿಕ್ಕ ವಯಸ್ಸಿಗೆ ಮೊದಲನೆಯದು ಬಂದಿದ್ದರೆ ಜಾಸ್ತಿ. ವರ್ಷಕ್ಕೊಂದು ಮ್ಯಾಮೊಗ್ರಾಂ (ಎದೆಯ ಎಕ್ಸ್‌ರೇ), ಇಷ್ಟೇ ಮದ್ದು. ಎದೆ ಉಳಿಸಿ ಆಪರೇಷನ್ ಮಾಡಿದ್ದರೆ ಎರಡೂ ಕಡೆ, ಪೂರ್ತಿ ತೆಗೆದಿದ್ದರೆ ಉಳಿದ ಕಡೆ.

ಎಲೆ ಅಡಿಕೆ, ಹೊಗೆಸೊಪ್ಪು, ತೂಕ

ಊಟ ಆದ ಮೇಲೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರಿ, ಅಡಿಕೆ, ಒಂದು ಚೂರು ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತಿಕೊಳ್ಳುವುದು ನಮ್ಮ ಹಳ್ಳಿ ಹೆಂಗಸರ ಒಂದೇ ಒಂದು ಆರಾಮ. ಅದನ್ನು ಬಿಡಿ ಅನ್ನುವುದಕ್ಕೆ ನನಗೂ ಸಂಕಟ. ಆದರೆ ಬಿಡಲೇಬೇಕು. ಹೊಗೆಸೊಪ್ಪು ತೆಗೆದು ಬರೀ ಅಡಿಕೆ ಹಾಕಿದರೆ ಸರಿ ಅನ್ನುವವರಿಗೆ, ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಬಹಳ ಹಿಂದೆಯೇ ಹೇಳಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯಲು ಕಷ್ಟ, ಇವನ್ನು ತೋರಿಸಿ.

ತೂಕದ್ದು ಹೀಗೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ತಯಾರಾಗುವುದು ಮುಖ್ಯವಾಗಿ ಮೈಯ ಕೊಬ್ಬಿನಲ್ಲಿ. ಕೊಬ್ಬು ಜಾಸ್ತಿ ಆದಷ್ಟೂ ಅದು ಜಾಸ್ತಿ, ಇನ್ನೊಂದು ಎದೆಗೂ ಗರ್ಭಕೋಶಕ್ಕೂ ಅದು ಒಳ್ಳೆಯದಲ್ಲ. ಬೆಲ್ಲ ತಿಂದರೆ ಕ್ಯಾನ್ಸರ್ ತಿರುಗಿ ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಚಿಕ್ಕಮ್ಮ ಆಲೆಮನೆ ಪಕ್ಕದಲ್ಲೇ ಇದ್ದುಕೊಂಡು ಒಂದು ವರ್ಷ ಒಬ್ಬಟ್ಟು ಮುಟ್ಟಲಿಲ್ಲ, ಬದಲಿಗೆ ದಿನಾ ನಾಲ್ಕು ಬೋಂಡ ತಿಂದು ಆರು ಕೆಜಿ ಏರಿದರು. ಬೆಲ್ಲದ ತಪ್ಪಲ್ಲ, ಒಟ್ಟು ಲೆಕ್ಕ ಮುಖ್ಯ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಅಂತಾರೆ, ಅಂದರೆ ದಿನಕ್ಕೆ ಅರ್ಧ ಗಂಟೆ, ಐದು ದಿನ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಹಳ್ಳಿಯವರಿಗೆ ನಾಲೆ ಏರಿ ಇದೆ. ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಯಾರಿಗೂ ಹೇಳಬೇಕಾಗಿಲ್ಲ.

ಯಾವ ಟೆಸ್ಟ್ ಬೇಕು, ಯಾವುದು ಬೇಡ

ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಕೂರಬೇಕು. ತೊಂದರೆ ಏನೂ ಇಲ್ಲದಿದ್ದರೆ ಪೆಟ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ ರಕ್ತ ಪರೀಕ್ಷೆ ಬೇಕಾಗಿಲ್ಲ. ನಾನು ಭಯಕ್ಕೆ ಒಂದು ಸಲ ಸ್ವಂತ ದುಡ್ಡಿನಲ್ಲಿ ಮಾಡಿಸಿ ಬೈಸಿಕೊಂಡಿದ್ದು ಇದಕ್ಕೇ.

ಕ್ಯಾನ್ಸರ್ ಡಾಕ್ಟರ ಹತ್ತಿರವೇ ಹೋಗುತ್ತಿದ್ದೇನಲ್ಲ ಅಂತ ಬಾಯಿ, ಗರ್ಭಕೋಶದ ಬಾಯಿ ಇವುಗಳ ಮಾಮೂಲು ತಪಾಸಣೆ ಬಿಟ್ಟುಬಿಡುತ್ತೇವೆ. 30 ದಾಟಿದವರಿಗೆ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇವನ್ನು ಪುಕ್ಕಟೆ ನೋಡುವ ಸರ್ಕಾರದ ಕಾರ್ಯಕ್ರಮ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಚಿಕಿತ್ಸೆ ಬೇರೆ, ತಪಾಸಣೆ ಬೇರೆ, ಹಾಗಾಗಿ ಮ್ಯಾಮೊಗ್ರಾಂಗೆ ಕಾರ್ಡು ನಡೆಯುತ್ತದಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಬೆಂಗಳೂರಿನ ಕಿದ್ವಾಯಿಗೋ ಹೋಗುವವರು ರೇಷನ್ ಕಾರ್ಡ್, ಆಧಾರ್ ಎರಡನ್ನೂ ಆ ಹಳೇ ಫೈಲಿನ ಒಳಗೇ ಇಟ್ಟುಕೊಳ್ಳಿ.

ನಾವಿಬ್ಬರೂ ಈಗ ಸಂಕ್ರಾಂತಿ ಕಳೆದ ವಾರ ಒಟ್ಟಿಗೆ ಮ್ಯಾಮೊಗ್ರಾಂಗೆ ಹೋಗುತ್ತೇವೆ. ದಸರಾ ತಿಂಗಳಲ್ಲಿ ಮೈಸೂರಿನ ಕಡೆ ತಲೆ ಹಾಕುವ ಹಾಗಿಲ್ಲ, ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಸೀರೆ ಅಥವಾ ಸಲ್ವಾರ್ ಹಾಕಿಕೊಂಡು ಹೋಗಿ, ಮೇಲಿನದೊಂದು ಬಿಚ್ಚಿದರೆ ಸಾಕಾಗುತ್ತದೆ. ಹಿಂದಿನ ವರ್ಷದ ಫಿಲ್ಮ್ ಮರೆಯಬೇಡಿ, ಹೋಲಿಸಿ ನೋಡುವುದಕ್ಕೆ ಬೇಕು. ಆ ದಿನ ಕಂಕುಳಿಗೆ, ಎದೆಗೆ ಪೌಡರ್ ಹಾಕಿಕೊಳ್ಳಬೇಡಿ, ಅದು ಫಿಲ್ಮಿನಲ್ಲಿ ಬಿಳಿ ಚುಕ್ಕೆಯಾಗಿ ಕಂಡು ಸುಣ್ಣ ಕಟ್ಟಿದೆಯೇನೋ ಅನ್ನಿಸುತ್ತದೆ. ಚಿಕ್ಕಮ್ಮ ಮೊದಲ ಸಲ ಪೇಟೆಗೆ ಹೋಗುತ್ತಿದ್ದೇನೆ ಅಂತ ಅರ್ಧ ಡಬ್ಬಿ ಸುರಿದುಕೊಂಡು ಬಂದಿದ್ದರು, ಒರೆಸಿ ಕಳಿಸುವಷ್ಟರಲ್ಲಿ ನಮ್ಮ ಟೋಕನ್ ನಂಬರ್ ದಾಟಿ ಹೋಗಿತ್ತು.